ಮನೆಯವರ ಕುರ್ಚಿ

ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಕೂರುವುದಕ್ಕೆಂದು ಬಂದವರು ಮೂವರು ಹೆಂಗಸರು. ಮೂವರೂ ತರಗತಿಯ ಬಾಗಿಲಲ್ಲೇ ನಿಂತು ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡುತ್ತಿದ್ದರು.

"ನಾನು ಈ ಹುಡುಗಿ ಕಡೆಯೋಳು," ಎಂದಳು ಎಲ್ಪಿದಿಯಾ ಅಜ್ಜಿ. ಅವಳು ಇದೇ ತರಗತಿಯ ಅಂದ್ರಿ ಎಂಬ ಹುಡುಗನ ಅಜ್ಜಿ. ಚರ್ಚಿಗೆ ಹೋಗುವಾಗಿನ ನೇರಳೆ ಬಣ್ಣದ ಉಡುಪು ತೊಟ್ಟು, ಕೇಕಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದಿದ್ದಳು.

"ನಾನೂ ಅವಳ ಕಡೆಯೋಳೇ ಅಮ್ಮಾ," ಎಂದಳು ಅದೇ ತರಗತಿಯ ಬ್ರೆಂದಾಳ ತಾಯಿ ಸೆಬಾಸ್ತಿಯಾನಾ. ರಾತ್ರಿಯೆಲ್ಲ ಮೀನಿನ ಕಾರ್ಖಾನೆಯಲ್ಲಿ ನಿಂತು ದುಡಿದು ನೇರವಾಗಿ ಇಲ್ಲಿಗೆ ಬಂದವಳು ಅವಳು. ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸು ಬಾಯಿ ತೆರೆದು ನಿದ್ದೆ ಹೋಗಿತ್ತು.

ಮೂರನೆಯವಳು ಮೂಲೆಯ ದರ್ಜಿ ಅಂಗಡಿಯ ಸೊಖೋಮ್. ಅವಳ ಅಕ್ಕನ ಮಗನೂ ಇದೇ ತರಗತಿ. "ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದೀನಿ," ಎಂದಳು ಅವಳು, ಅದಕ್ಕಿಂತ ದೊಡ್ಡ ಹಕ್ಕು ಇನ್ನೇನಿದೆ ಎನ್ನುವ ಹಾಗೆ.

ಒಳಗೆ ಮೇಜಿನ ಹಿಂದೆ ನಿಂತಿದ್ದ ಇಲ್ಡಾ ಸೆಮೆಡೊ ಇದನ್ನೆಲ್ಲ ನೋಡುತ್ತಿದ್ದಳು. ಯಾರದೋ ಮನೆಯ ಜಗಳವನ್ನು ಬೀದಿಯ ಆಚೆಯಿಂದ ನೋಡಿದಂತಿತ್ತು ಅವಳಿಗೆ. ಅವಳ ಮುಂದೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಹಿಂದಿನ ದಿನವೇ ಇಸ್ತ್ರಿ ಮಾಡಿಟ್ಟ ಬಿಳಿಯ ಅಂಗಿ ಹಾಕಿಕೊಂಡಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಕೈ ತಾನಾಗಿ ಮಾಡಿತ್ತು.

"ಮಿಸ್, ನಾನು ಅಜ್ಜಿಗೆ ಹೇಳಿದ್ದೆ," ಎಂದು ಅಂದ್ರಿ ತಲೆ ಕೆರೆದುಕೊಂಡ. "ಬ್ರೆಂದಾ ಅವರಮ್ಮನಿಗೆ ಹೇಳಿದಾಳೆ ಅಂತ ನಂಗೇನು ಗೊತ್ತು? ಎಲ್ರೂ ಗುಟ್ಟಾಗಿ ಹೇಳಿದ್ರೆ ಹೀಗೇ ಆಗೋದು."

"ಎಲ್ರೂ ಒಳಗೆ ಬನ್ನಿ, ಎಲ್ರೂ ಬನ್ನಿ," ಎಂದರು ಮಿಸ್ ಹಾಲೊರನ್. ಅವರ ಕಣ್ಣು ಆಗಲೇ ತುಂಬಿಕೊಂಡಿತ್ತು. "ನೋಡಿದ್ಯಾ ಇಲ್ಡಾ, ನಿನಗೋಸ್ಕರ ಎಷ್ಟು ಜನ!"

"ಹ್ಞೂಂ ಮಿಸ್," ಎಂದಳು ಇಲ್ಡಾ.

ಕೊನೆಗೆ, ಕೂಸು ಹೊತ್ತವಳು ಕೂರಲಿ ಎಂದು ತೀರ್ಮಾನವಾಯಿತು. ಸೆಬಾಸ್ತಿಯಾನಾ ಕುರ್ಚಿಯ ತುದಿಯಲ್ಲಿ ಕೂತಳು. ಉಳಿದಿಬ್ಬರು ಅವಳ ಹಿಂದೆ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತುಕೊಂಡರು. ಫೋಟೊ ತೆಗೆಸಿಕೊಳ್ಳಲು ನಿಂತವರ ಹಾಗೆ ಕಾಣುತ್ತಿದ್ದರು.

ಅಮೆರಿಕದ ಪಾಟಕೆಟ್ ಊರಿನ ಈ ಹೈಸ್ಕೂಲು ಒಂದು ಹಳೇ ಸೋಫಾ ಅಂಗಡಿಯ ಮೇಲಿನ ಎರಡು ಅಂತಸ್ತುಗಳಲ್ಲಿತ್ತು. ಚಾರ್ಟರ್ ಶಾಲೆ. ಸರ್ಕಾರದ್ದೇ ಆದರೂ ಕಟ್ಟುಪಾಡೆಲ್ಲ ಅದರದ್ದೇ. ಚೀಟಿ ಎತ್ತಿ ಸೇರಿಸಿಕೊಳ್ಳುತ್ತಿದ್ದರು. ಆಟದ ಬಯಲಿಲ್ಲ, ಊಟದ ಮನೆಯಿಲ್ಲ. ಮಧ್ಯಾಹ್ನದ ಊಟ ತಗಡಿನ ತಟ್ಟೆಗಳಲ್ಲಿ ವ್ಯಾನಿನಲ್ಲಿ ಬರುತ್ತಿತ್ತು, ಬರುವಷ್ಟರಲ್ಲಿ ಆರಿರುತ್ತಿತ್ತು. ಸೋಫಾಗಳನ್ನು ಏರಿಸುತ್ತಿದ್ದ ದೊಡ್ಡ ಲಿಫ್ಟು ಇನ್ನೂ ಹಾಗೇ ಇತ್ತು. ಅದರೊಳಗೆ ಒಂದಿಡೀ ತರಗತಿ ನಿಲ್ಲಬಹುದಾಗಿತ್ತು. ಒಂಬತ್ತನೇ ತರಗತಿಗೆ ಬಂದ ದಿನದಿಂದ ಹನ್ನೆರಡು ಮುಗಿಯುವ ತನಕ ಒಂದು ಗುಂಪಿಗೆ ಒಬ್ಬರೇ ಮೇಷ್ಟ್ರು. ಹಾಗಾಗಿ ಮಿಸ್ ಹಾಲೊರನ್ನರಿಗೆ ಈ ಮಕ್ಕಳ ಮನೆಯ ಬಾಗಿಲು, ಬೆಕ್ಕು, ಕಾಯಿಲೆ ಎಲ್ಲ ಗೊತ್ತಿತ್ತು.

ವಾರಕ್ಕೆ ಎರಡು ದಿನ ಮಕ್ಕಳು ಶಾಲೆಗೆ ಬರದೆ ಊರಿನಲ್ಲಿ ಯಾವುದಾದರೂ ಒಂದು ಕಸುಬಿನ ಜಾಗಕ್ಕೆ ಹೋಗಬೇಕು. ಅಂದ್ರಿ ಗಾಡಿ ರಿಪೇರಿಗೆ, ಬ್ರೆಂದಾ ನಾಯಿಬೆಕ್ಕಿನ ಆಸ್ಪತ್ರೆಗೆ, ಇಲ್ಡಾ ಕಟ್ಟುಹಲ್ಲು ಮಾಡುವ ಕಾರ್ಯಾಗಾರಕ್ಕೆ. ವರ್ಷದ ಕೊನೆಗೆ, ತಾನು ಏನು ಮಾಡಿದೆ ಎನ್ನುವುದನ್ನು ಮೂವರ ಮುಂದೆ ನಿಂತು ತೋರಿಸಬೇಕು. ಮೇಷ್ಟ್ರು, ಕಸುಬು ಕಲಿಸಿದವರು, ಚೀಟಿ ಎತ್ತಿ ಆರಿಸಿದ ಒಬ್ಬ ಸಹಪಾಠಿ. ಹನ್ನೆರಡನೇ ತರಗತಿಯಲ್ಲಿ ಮೂವರೂ ಸಹಿ ಹಾಕಿದರೆ ಜೂನ್‌ನಲ್ಲಿ ನೀಲಿ ಗೌನು ತೊಟ್ಟು ಪ್ರಮಾಣಪತ್ರ ಪಡೆಯಲು ವೇದಿಕೆ ಹತ್ತುವುದು. ಒಂದು ಸಹಿ ತಪ್ಪಿದರೂ 'ಇನ್ನೂ ಆಗಿಲ್ಲ' ಎಂದು ಬರೆಯುತ್ತಾರೆ. ಬೇಸಿಗೆಯೆಲ್ಲ ಕೆಲಸ ಮಾಡಿ ಆಗಸ್ಟ್‌ನಲ್ಲಿ ಮತ್ತೆ ನಿಲ್ಲಬೇಕು. ಗೌನಿಲ್ಲ, ವೇದಿಕೆಯಿಲ್ಲ, ಆಫೀಸಿನಲ್ಲಿ ಕಾಗದ ಕೊಟ್ಟು ಕಳಿಸುತ್ತಾರೆ.

ಇನ್ನೊಂದು ಕಟ್ಟುಪಾಡಿತ್ತು. ಮನೆಯವರ ಕುರ್ಚಿ. ಮನೆಯಿಂದ ದೊಡ್ಡವರೊಬ್ಬರು ಬಂದು ಅದರಲ್ಲಿ ಕೂರುವ ತನಕ ಮಾತು ಶುರುವಾಗುವ ಹಾಗಿಲ್ಲ. ಕೊನೆಯ ಮಾತೂ ಅವರದ್ದೇ.

ಹಿಂದಿನ ಮೂರು ವರ್ಷವೂ ಆ ಕುರ್ಚಿಯಲ್ಲಿ ಇಲ್ಡಾಳ ಅಮ್ಮ ದುಲ್ಸೆ ಕೂತಿದ್ದಳು. ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಿಂದ, ಕೆಲಸದ ಉಡುಪಿನ ಮೇಲೆ ಕೋಟು ಹಾಕಿಕೊಂಡು ಓಡಿ ಬರುತ್ತಿದ್ದಳು. ಎಲ್ಲರೂ ಹೊಗಳಿ ಮುಗಿಸಿದ ಮೇಲೆ, "ಇನ್ನೂ ಚೆನ್ನಾಗಿ ಮಾಡಬಹುದಾಗಿತ್ತು," ಎನ್ನುತ್ತಿದ್ದಳು. ಮೂರು ವರ್ಷವೂ ಅದೇ ಮಾತು. ಮೂರನೇ ವರ್ಷ ಅವಳು ಬಾಯಿ ತೆರೆಯುವ ಮುಂಚೆಯೇ ತರಗತಿಯೆಲ್ಲ ಒಟ್ಟಿಗೆ ಅದನ್ನು ಹೇಳಿ ನಕ್ಕಿತ್ತು. ಅವಳೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಿದ್ದಳು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ದುಲ್ಸೆ ಬಟ್ಟೆ ಒಣಗಿಸುವ ಯಂತ್ರದ ಮುಂದೆ ಕುಸಿದು ಬಿದ್ದಳು. ಅದೇ ವೃದ್ಧಾಶ್ರಮದ ಅಡಿಗೆಮನೆಯಲ್ಲಿದ್ದ ಅವಳಕ್ಕ ಫ್ಲೋರಿಂದಾ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಏಳು ದಿನ ಮನೆ ತುಂಬ ಜನ. ತಮ್ಮ ಮೂಲದ ಕೇಪ್ ವರ್ಡ್ ದ್ವೀಪಗಳ ಕಡೆಯವರೆಲ್ಲ ಸುತ್ತಲ ಊರುಗಳಾದ ಬ್ರಾಕ್ಟನ್ನಿನಿಂದ, ನ್ಯೂ ಬೆಡ್‌ಫರ್ಡಿನಿಂದ ಬಂದರು. ಸಾವಿನ ಮನೆಯ ಪದ್ಧತಿಯಂತೆ ಟೀವಿಯ ಮೇಲೆ ಬಟ್ಟೆ ಹೊದಿಸಿದರು. ಜೋಳ, ಕಾಳು, ಮಾಂಸ ಹಾಕಿ ಬೇಯಿಸುವ ಕಚೂಪದ ಹಂಡೆ ಒಲೆಯಿಂದ ಇಳಿಯಲೇ ಇಲ್ಲ. ಏಳನೇ ದಿನದ ಪೂಜೆ ಮುಗಿಸಿ ಎಲ್ಲರೂ ಹೊರಟುಹೋದರು. ದೊಡ್ಡಮ್ಮ ತನ್ನ ಬಟ್ಟೆಬರೆ ತಂದು ಇಲ್ಡಾಳ ಜೊತೆಗೇ ಇರತೊಡಗಿದಳು. ಇಲ್ಡಾ ಮಾರನೇ ದಿನವೇ ಶಾಲೆಗೆ ಬಂದಳು.

ಶಾಲೆಯಲ್ಲಿ ಎಲ್ಲರ ದನಿ ತಗ್ಗಿತ್ತು. ಅವಳು ನಡೆದು ಬಂದರೆ ಮಾತಾಡುತ್ತಿದ್ದವರು ನಿಲ್ಲಿಸಿ ಗೋಡೆಗೆ ಸರಿಯುತ್ತಿದ್ದರು. ಅವಳ ಬೀರುವಿನಲ್ಲಿ ಯಾರ್‍ಯಾರೋ ಚಿಪ್ಸಿನ ಪೊಟ್ಟಣ ಇಟ್ಟು ಹೋಗುತ್ತಿದ್ದರು. ಅವು ಒಂದರ ಮೇಲೊಂದು ಬಿದ್ದುಕೊಂಡು ಬಾಗಿಲು ಹಾಕಲಾಗದಂತಾಯಿತು. ಒಮ್ಮೆ ಲೆಕ್ಕದ ಪರೀಕ್ಷೆಯಲ್ಲಿ ಹೆಸರು ಬರೆದಳು, ಆಮೇಲೆ ಏನೂ ಬರೆಯಲಿಲ್ಲ. ಕಿಟಕಿ ನೋಡುತ್ತ ಕೂತು, ಗಂಟೆ ಹೊಡೆದಾಗ ಕೊಟ್ಟು ಬಂದಳು. ಆ ಹಾಳೆ ಪಾಸಾಗಿ ವಾಪಸು ಬಂತು. ಖಾಲಿ ಜಾಗದಲ್ಲಿ ಮಿಸ್ ಹಾಲೊರನ್ ಹಳದಿ ಪೆನ್ಸಿಲಿನಲ್ಲಿ ನಗುವ ಸೂರ್ಯನನ್ನು ಬಿಡಿಸಿದ್ದರು. ಇಲ್ಡಾ ಅದನ್ನು ಬಹಳ ಹೊತ್ತು ನೋಡಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ವಸಡಿನ ಹಾಗೆ ಒಳಗೆ ಏನೋ ದಪ್ಪಗಾಗಿ ಕೂತಿತ್ತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ.

ಹಲ್ಲಿನ ಕಾರ್ಯಾಗಾರಕ್ಕೆ ಅವಳು ಒಂದೇ ಸಲ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಯಜಮಾನ ಅಮರಲ್ ರೇಡಿಯೊ ಆರಿಸಿದರು. ಉಜ್ಜುವ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಅವಳ ಮೇಜನ್ನು ಇದ್ದ ಹಾಗೇ ಬಿಟ್ಟು ಮೇಲೆ ಬಿಳೀ ಬಟ್ಟೆ ಹೊದಿಸಿದ್ದರು. ಇಲ್ಡಾ ಆ ಬಟ್ಟೆ ನೋಡಿದಳು. ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೊರಬಿದ್ದು ಎದುರಿಗೆ ಬಂದ ಬಸ್ಸು ಹತ್ತಿದಳು. ಅಂದಿನಿಂದ ಆ ಎರಡು ದಿನಗಳೂ ಬಸ್ಸಿನಲ್ಲೇ ಕಳೆಯುತ್ತಿದ್ದಳು. ಕೊನೇ ನಿಲ್ದಾಣಕ್ಕೆ ಹೋಗುವುದು, ಅದೇ ಸೀಟಿನಲ್ಲಿ ವಾಪಸು ಬರುವುದು. ಶಾಲೆಯಿಂದ ಎರಡು ಸಲ ಫೋನು ಮಾಡಿದಾಗ ಅಮರಲ್, "ಬರ್ತಿದಾಳೆ, ಚೆನ್ನಾಗಿ ಮಾಡ್ತಿದಾಳೆ," ಎಂದಿದ್ದರು. ಆ ಮನುಷ್ಯನಿಗೆ ಸುಳ್ಳು ಹೇಳುವುದು ಅಭ್ಯಾಸವಿರಲಿಲ್ಲ. ಎರಡೂ ಸಲ ಒಂದೇ ಮಾತು ಹೇಳಿದರು.

ಇವತ್ತಿನ ದಿನಕ್ಕೆಂದು ಮಿಸ್ ಹಾಲೊರನ್ ಮೊದಲೇ ಅವಳನ್ನು ಕರೆದು ಹೇಳಿದ್ದರು, "ನೀನು ಸುಮ್ನೆ ಬಂದು ನಿಂತ್ಕೊ ಮಗೂ. ಇದ್ದದ್ದು ತೋರಿಸು. ಮಿಕ್ಕಿದ್ದು ನಮಗೆ ಬಿಡು." ಇಲ್ಡಾ ತಲೆಯಾಡಿಸಿದ್ದಳು. ದೊಡ್ಡಮ್ಮ, "ಯಾವತ್ತು ಅಂತ ಹೇಳು, ರಜ ಕೇಳ್ತೀನಿ," ಎಂದಾಗ, "ಮುಂದಕ್ಕೆ ಹಾಕಿದಾರೆ," ಎಂದುಬಿಟ್ಟಿದ್ದಳು. ಅವಳು ಬಂದು ಆ ಕುರ್ಚಿಯಲ್ಲಿ ಕೂರುವುದನ್ನು ನೋಡಲು ಇಲ್ಡಾಗೆ ಆಗುತ್ತಿರಲಿಲ್ಲ. ತೋರಿಸುವುದಕ್ಕೂ ಏನೂ ಇರಲಿಲ್ಲ. ಕುರ್ಚಿ ಖಾಲಿಯಿದ್ದರೂ ನಡೆಯುತ್ತದೆಂದು ಮಿಸ್ ಹೇಳಿದ್ದು ತರಗತಿಗೆ ಹೇಗೋ ತಿಳಿದು, ಮೂವರು ಒಬ್ಬರಿಗೊಬ್ಬರು ಹೇಳದೆ ತಮ್ಮ ತಮ್ಮ ಮನೆಯವರನ್ನು ಕರೆತಂದಿದ್ದರು.

ಕೊರ್ಪೊ ಯಾರನ್ನೂ ಕರೆತಂದಿರಲಿಲ್ಲ. ಸಹಪಾಠಿಯ ಚೀಟಿಯಲ್ಲಿ ಬಂದದ್ದು ಅವಳದ್ದೇ ಹೆಸರು.

ಕೊರ್ಪೊ ಫ್ಲೊಮೊ ಲೈಬೀರಿಯಾದಿಂದ ಚಿಕ್ಕವಳಿದ್ದಾಗ ಬಂದವಳು. ಅವಳ ನಾಲಿಗೆಗೆ ಇಡೀ ಶಾಲೆ ಹೆದರುತ್ತಿತ್ತು. ಹಿಂದಿನ ವರ್ಷ ಅಂದ್ರಿಗೆ, "ಈ ಎಂಜಿನ್ನು ನೀನು ಬಿಚ್ಚಿದ್ದೋ, ಬಿಚ್ಚುವಾಗ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದೋ?" ಎಂದು ಕೇಳಿ ಅವನನ್ನು ಅಳಿಸಿದ್ದಳು. ಒಂಬತ್ತನೇ ತರಗತಿಯಿಂದಲೂ ಅವಳಿಗೂ ಇಲ್ಡಾಗೂ ದಿನ ಬೆಳಗಾದರೆ ಕಿತ್ತಾಟ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಅನ್ನುವುದಕ್ಕೂ ಆಗುತ್ತಿತ್ತು. ಆಮೇಲೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಹಿಂದಿನ ದಿನ ಲಿಫ್ಟಿನಲ್ಲಿ ಇಬ್ಬರೇ ಇದ್ದರು.

"ಮಿಸ್ ನನ್ನ ಕರೆದು ಹೇಳಿದ್ರು. ನಾಳೆ ಇಲ್ಡಾಗೆ ಏನೂ ಕೇಳ್ಬೇಡ ಅಂತ," ಎಂದಳು ಕೊರ್ಪೊ.

"ಸರಿ."

"ಏನೇ ಸರಿ? ಏನು ತೋರಿಸ್ತೀಯ ನಾಳೆ?"

"ಇರೋದನ್ನ."

"ಇರೋದು ಎಷ್ಟು?"

ಇಲ್ಡಾ ಲಿಫ್ಟಿನ ಬಾಗಿಲು ನೋಡುತ್ತಿದ್ದಳು. ಲಿಫ್ಟು ಮೆಲ್ಲಗೆ ತೆವಳುತ್ತಿತ್ತು.

"ನೀನು ನನ್ನ ಹತ್ರ ಜಗಳ ಆಡಿ ಎಷ್ಟು ಕಾಲ ಆಯ್ತು ಗೊತ್ತಾ?" ಎಂದಳು ಕೊರ್ಪೊ.

"ಯಾತಕ್ಕೆ ಜಗಳ?"

"ಅದೇ ಹೇಳಿದ್ದು. ಯಾತಕ್ಕಾದ್ರೂ."

ಬಾಗಿಲು ತೆರೆದುಕೊಂಡಿತು. ಇಲ್ಡಾ ಇಳಿದು ಹೋಗಿದ್ದಳು.

ಈಗ ಕೊರ್ಪೊ ಮೇಜಿನಾಚೆ ಮೂರನೇ ಜಾಗದಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಮಧ್ಯದಲ್ಲಿ ಮಿಸ್ ಹಾಲೊರನ್, ಆಚೆಗೆ ಅಮರಲ್. ಅಮರಲ್ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರೂ ಉಗುರಿನ ಸಂದಿಯ ಗಚ್ಚಿನ ಪುಡಿ ಹೋಗಿರಲಿಲ್ಲ.

ಇಲ್ಡಾ ಪೆಟ್ಟಿಗೆ ತೆರೆದಳು. ಕೀಲಿದ್ದ ಹಿತ್ತಾಳೆಯ ಚೌಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಬಿಳೀ ಗಚ್ಚಿನ ಎರಡು ದವಡೆಗಳು, ಮೇಲಿನದಕ್ಕೆ ಗುಲಾಬಿ ಬಣ್ಣದ ಮೇಣದ ವಸಡು. ಆ ವಸಡಿನಲ್ಲಿ ಮುಂದಿನ ಆರು ಹಲ್ಲುಗಳು ಕೂತಿದ್ದವು.

"ಇದು ಮೇಲಿನ ಸಾಲು," ಎಂದಳು. "ಇವು ಮುಂದಿನ ಹಲ್ಲು. ಮೇಣ ಕಾಯಿಸಿ ಒಂದೊಂದಾಗಿ ಕೂರಿಸೋದು." ಕೈ ಹಿಂದಕ್ಕೆ ತೆಗೆದುಕೊಂಡಳು. "ಅಷ್ಟೆ."

ಎಲ್ಪಿದಿಯಾ ಅಜ್ಜಿ ಚಪ್ಪಾಳೆ ತಟ್ಟಿದಳು. ಸೊಖೋಮ್ ತಟ್ಟಿದಳು. ಬಾಗಿಲ ಹತ್ತಿರ ಗುಂಪುಗಟ್ಟಿದ್ದ ತರಗತಿಯೂ ತಟ್ಟಿತು.

"ಆಹಾ, ಎಂಥ ಹಲ್ಲು!" ಎಂದಳು ಅಜ್ಜಿ. "ನನ್ನ ಬಾಯಿಗೆ ಹಾಕಿದೋನು ಕುದುರೆ ಹಲ್ಲು ಹಾಕಿಬಿಟ್ಟ. ನಿನ್ನ ಹತ್ರಾನೇ ಬರಬೇಕಿತ್ತು ನಾನು."

"ಅಜ್ಜೀ," ಎಂದು ಅಂದ್ರಿ ಮುಖ ಮುಚ್ಚಿಕೊಂಡ.

"ಒಳ್ಳೇ ಕೈ," ಎಂದರು ಅಮರಲ್, ಮೇಜು ನೋಡುತ್ತ. "ಬಹಳ ಒಳ್ಳೇ ಕೈ." ತಮ್ಮ ಸಹಿ ಹಾಕಿ ಕಾಗದವನ್ನು ಮಿಸ್ ಹಾಲೊರನ್ನರ ಕಡೆಗೆ ಸರಿಸಿದರು. ಮಿಸ್, "ನಮಗೆಲ್ಲ ನಿನ್ನ ಬಗ್ಗೆ ಎಷ್ಟು ಹೆಮ್ಮೆ ಗೊತ್ತಾ," ಎನ್ನುತ್ತ ಸಹಿ ಹಾಕಿದರು. ಕಾಗದ ಕೊರ್ಪೊಳ ಮುಂದೆ ಬಂತು.

ಕೊರ್ಪೊ ಪೆನ್ನು ಎತ್ತಿಕೊಂಡಳು. ಸಹಿ ಹಾಕಲಿಲ್ಲ.

"ಒಂದು ಪ್ರಶ್ನೆ."

"ಕೊರ್ಪೊ," ಎಂದರು ಮಿಸ್ ಮೆಲ್ಲಗೆ.

"ಒಂದೇ ಮಿಸ್." ಅವಳು ಇಲ್ಡಾಳ ಕಡೆ ತಿರುಗಿದಳು. "ಹಿಂದಿನ ಹಲ್ಲೆಲ್ಲಿ?"

ಇಲ್ಡಾ ಚೌಕಟ್ಟಿನ ಕಡೆ ನೋಡಿದಳು. ಮೇಣ ಎರಡೂ ಪಕ್ಕ ಬೋಳಾಗಿತ್ತು.

"ಇಲ್ಲ," ಎಂದಳು.

"ಇದನ್ನ ಹಾಕ್ಕೊಂಡೋರು ತಿನ್ನೋದು ಹೇಗೆ?"

"ಆಗಲ್ಲ. ನಗಬಹುದು. ತಿನ್ನಕ್ಕಾಗಲ್ಲ."

"ಜನವರೀಲಿ ನೀನು ಹೇಳಿದ್ದು ಇಡೀ ಸಾಲು ಅಂತ. ಹಿಂದಿಂದು ಅಷ್ಟೊಂದು ಕಷ್ಟಾನಾ?"

ಇಲ್ಡಾ ಬಾಯಿ ತೆರೆದಳು. ಮಾತು ಎಲ್ಲೋ ದೂರದಿಂದ ಬಂದ ಹಾಗೆ ಬಂತು. "ಮುಂದಿಂದು ಕಣ್ಣಳತೆ. ಹಿಂದಿಂದು ಹಾಗಲ್ಲ. ಕೆಳಗಿನ ಹಲ್ಲಿನ ಗುಂಡಿಗೆ ಮೇಲಿನ ಹಲ್ಲಿನ ಮೊನೆ ಹೋಗಿ ಕೂರ್ಬೇಕು. ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸೋದು. ಎಲ್ಲಿ ನೀಲಿ ಹತ್ತುತ್ತೋ ಅಲ್ಲಿ ಉಜ್ಜೋದು. ಮತ್ತೆ ಕಚ್ಚಿಸೋದು. ಒಂದು ಹಲ್ಲು ಎತ್ತರ ಆದ್ರೂ..." ಅವಳ ಬಲಗೈ ತಾನಾಗಿ ಚೌಕಟ್ಟಿನ ಕೀಲನ್ನು ಮುಚ್ಚಿ ತೆರೆಯುತ್ತಿತ್ತು. ಬರೀ ಮೇಣಕ್ಕೆ ಗಚ್ಚು ತಾಗಿ ಟಕ್ ಟಕ್ ಎಂದಿತು. "ಒಂದು ಎತ್ತರ ಆದ್ರೂ ಮಿಕ್ಕಿದ್ದು ಕಚ್ಚಲ್ಲ."

"ಹ್ಞಾಂ. ಯಾಕೆ ಮಾಡ್ಲಿಲ್ಲ?"

"ಏಯ್ ಹುಡುಗೀ!" ಎಲ್ಪಿದಿಯಾ ಅಜ್ಜಿ ಕುರ್ಚಿಯ ಹಿಂದಿನಿಂದಲೇ ಗದರಿದಳು. "ನಿಂಗೆ ಕರುಳು ಅನ್ನೋದು ಇದೆಯೇನೇ? ಆ ಮಗು ತಾಯೀನ ಮಣ್ಣು ಮಾಡಿ ಬಂದಿದೆ."

"ಗೊತ್ತು ಅಜ್ಜಿ," ಎಂದಳು ಕೊರ್ಪೊ. ಅವಳ ದನಿ ಸ್ವಲ್ಪ ಒಡೆಯಿತು. "ಆ ಶವಪೆಟ್ಟಿಗೆ ಹಿಂದೆ ನಾನೂ ನಡೆದಿದೀನಿ. ನಾನು ಕೇಳ್ತಿರೋದು ಇವಳನ್ನ."

"ಅವಳು ಕೇಳ್ಲಿ," ಎಂದಳು ಇಲ್ಡಾ.

ಅದನ್ನು ಹೇಳಿದ್ದು ತಾನೇ ಎಂದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

"ಫೆಬ್ರವರಿಯಿಂದ ನಾನು ಹೋಗಿಲ್ಲ," ಎಂದಳು. "ಒಂದಿನ ಹೋಗಿದ್ದೆ. ಆಮೇಲೆ ಬಸ್ಸಲ್ಲಿ ಕೂತಿರ್ತಿದ್ದೆ. ಇದು ಅಮ್ಮ ಇದ್ದಾಗ ಮಾಡಿದ್ದು. ಆಮೇಲೆ ಏನೂ ಮಾಡಿಲ್ಲ."

ಅಮರಲ್ ತಮ್ಮ ಬೂಟು ನೋಡಿಕೊಂಡರು. ಮಿಸ್ ಹಾಲೊರನ್ನರ ಕಿವಿ ಕೆಂಪಾಯಿತು. ಕೊರ್ಪೊ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ನಾನು ಹಾಕಲ್ಲ ಮಿಸ್."

"ಕೊರ್ಪೊ, ಒಂದು ನಿಮಿಷ ಹೊರಗೆ ಬಾ."

"ಬೇಡ ಮಿಸ್," ಎಂದಳು ಇಲ್ಡಾ. "ಅವಳು ಹಾಕೋದು ಬೇಡ."

"ಇಲ್ಡಾ, ಯೋಚನೆ ಮಾಡು. ಜೂನ್‌ನಲ್ಲಿ ನಿನ್ನ ಗೆಳತಿಯರೆಲ್ಲ ಮೇಲೆ ನಿಂತಿರ್ತಾರೆ. ನೀನು ಕೆಳಗೆ..." ಮಿಸ್ ತಡೆದರು. "ಅವಳ ಬದಲು ನಾನು ಇನ್ನೊಬ್ಬರ ಕೈಲಿ ಹಾಕಿಸಬಹುದು. ಅದಕ್ಕೆ ಅವಕಾಶ ಇದೆ. ನಾವೆಲ್ಲ ಮಾಡಿದ್ದು ನಿನ್ನ ಒಳ್ಳೇದಕ್ಕೇ ಮಗೂ."

"ಗೊತ್ತು ಮಿಸ್." ಇಲ್ಡಾ ಹೇಳಲು ಹುಡುಕಿದಳು. ಸಿಕ್ಕಿದ್ದು ಸಣ್ಣ ಮಾತು. "ಆ ಲೆಕ್ಕದ ಪೇಪರಲ್ಲಿ ನಾನು ಏನೂ ಬರೆದಿರ್ಲಿಲ್ಲ. ಆದ್ರೂ ಪಾಸು. ಹೀಗೇ ಆದ್ರೆ ನಾನು ಬಂದ್ರೂ ಒಂದೇ, ಬರದಿದ್ರೂ ಒಂದೇ."

ಬೆನ್ನ ಮೇಲಿನ ಕೂಸು ಎದ್ದು ಕೊಸರಿತು. ಸೆಬಾಸ್ತಿಯಾನಾ ಗಂಟು ಬಿಚ್ಚಿ ಅದನ್ನು ಮಡಿಲಿಗೆ ಎಳೆದುಕೊಂಡಳು.

ಮಿಸ್ ಹಾಲೊರನ್ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ತಾವು ಹಾಕಿದ್ದ ಸಹಿಯನ್ನು ಒಮ್ಮೆ ನೋಡಿ, ಅದರ ಮೇಲೆ ಒಂದು ಗೆರೆ ಎಳೆದರು. ಅಮರಲ್ ಕೇಳದೆಯೇ ಕೈ ಚಾಚಿ ಪೆನ್ನು ಇಸಿದುಕೊಂಡು ತಮ್ಮದರ ಮೇಲೂ ಎಳೆದರು. "ನಾಳಿದ್ದು ಬಾ," ಎಂದರು ಇಲ್ಡಾಗೆ. "ರೇಡಿಯೊ ಹಾಕಿರ್ತೀನಿ."

"ಕೊನೇ ಮಾತು ಮನೆಯವರದ್ದು," ಎಂದು ಮಿಸ್ ಕುರ್ಚಿಯ ಕಡೆ ತಿರುಗಿದರು. ಕಟ್ಟುಪಾಡು ಬಿಡುವ ಹಾಗಿರಲಿಲ್ಲ. "ಇನ್ನೂ ಆಗಿಲ್ಲ ಅಂತ ಬರೀತಿದೀವಿ. ಮನೆ ಕಡೆಯಿಂದ ಒಪ್ಪಿಗೆ ಹೇಳ್ಬೇಕು."

ಸೆಬಾಸ್ತಿಯಾನಾ ಹಿಂದೆ ನಿಂತ ಇಬ್ಬರನ್ನೂ ನೋಡಿದಳು. ಆಮೇಲೆ ಎದ್ದು ನಿಂತಳು. "ನಾನೇನು ಹೇಳ್ಲಿ ಟೀಚರ್? ಪ್ರೀತಿಯಿಂದ ಬಂದ್ವಿ, ಬಂದದ್ದಕ್ಕೆ ಬೇಜಾರಿಲ್ಲ. ಆದ್ರೆ ನಾನು ಇವಳ ಮನೆಯೋಳಲ್ಲ." ಇಲ್ಡಾಳನ್ನು ಕೇಳಿದಳು, "ಮನೇಲಿ ಯಾರಿದಾರಮ್ಮ?"

"ದೊಡ್ಡಮ್ಮ."

"ಅವರಿಗೆ ಗೊತ್ತಾ, ಇವತ್ತು ಅಂತ?"

ಇಲ್ಡಾ ಇಲ್ಲವೆಂದು ತಲೆಯಾಡಿಸಿದಳು.

"ಅಯ್ಯೋ ದೇವ್ರೆ," ಎಂದಳು ಸೆಬಾಸ್ತಿಯಾನಾ. "ಮೊದ್ಲು ಅವರಿಗೆ ಹೇಳು."

ಕೇಕನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ತಂದದ್ದನ್ನು ವಾಪಸು ಒಯ್ಯುವ ಪೈಕಿಯಲ್ಲ ಎಲ್ಪಿದಿಯಾ ಅಜ್ಜಿ. ಮುಖ ಊದಿಸಿಕೊಂಡೇ ಕುಯ್ದು ಎಲ್ಲರ ಕೈಗೂ ಹಾಕಿದಳು. ಮೇಲೆ ದಪ್ಪಗೆ ಬಿಳೀ ಕೆನೆ, ನಡುವೆ ಅನಾನಸಿನ ಪಾಕ. ಕೊರ್ಪೊಳ ಮುಂದೆ ಬಂದಾಗ ಅವಳನ್ನು ಕಾಣದವಳ ಹಾಗೆ ದಾಟಿಹೋದಳು. ಸೊಖೋಮ್ ಇಲ್ಡಾಳ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು, "ಇಲ್ಲಿ ಹೊಲಿಗೆ ಬಿಟ್ಟಿದೆ, ಅಂಗಡಿ ಕಡೆ ಬಾ," ಎಂದು ಹೇಳಿ ಹೊರಟಳು.

ಇಲ್ಡಾ ತನ್ನ ತುಂಡನ್ನು ಹಿಡಿದುಕೊಂಡು ಪಡಸಾಲೆಗೆ ಬಂದಳು. ಕೊರ್ಪೊ ನೀರಿನ ನಲ್ಲಿಯ ಪಕ್ಕ ಗೋಡೆಗೆ ಒರಗಿದ್ದಳು. ಮುಖ ತೊಳೆದುಕೊಂಡಿದ್ದಳು. ರೆಪ್ಪೆ ಇನ್ನೂ ಒದ್ದೆಯಿತ್ತು.

"ನನ್ನ ಕೊಂದುಹಾಕ್ಬೇಕು ಅನ್ನಿಸ್ತಿದ್ಯಾ?"

"ಇಲ್ಲ."

"ಸ್ವಲ್ಪಾನೂ?"

ಇಲ್ಡಾ ಯೋಚಿಸಿದಳು. "ಸ್ವಲ್ಪ."

"ಅಷ್ಟಾದ್ರೂ ಇರ್ಲಿ," ಎಂದು ಕೊರ್ಪೊ ಅವಳ ಕೈಯಿಂದ ಕೇಕು ಕಸಿದುಕೊಂಡು ಅರ್ಧ ಒಂದೇ ಬಾಯಿಗೆ ತುಂಬಿಕೊಂಡಳು. "ಥೂ, ಬರೀ ಸಕ್ಕರೆ."

ಫೋನು ಮಾಡಲು ಇಲ್ಡಾ ಹಿಂದಿನ ಮೆಟ್ಟಿಲಿಳಿದು ಗಾಡಿ ನಿಲ್ಲಿಸುವ ಜಾಗಕ್ಕೆ ಬಂದಳು. ಒಂಬತ್ತನೇ ತರಗತಿಯ ಹುಡುಗಿಯರು ಅಲ್ಲಿ ಎರಡು ಕಸದ ಡಬ್ಬಗಳ ನಡುವೆ ಕಾಲ್ಚೆಂಡು ಆಡುತ್ತಿದ್ದರು. ಮೇ ತಿಂಗಳಾದರೂ ನದಿಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು.

ದೊಡ್ಡಮ್ಮ ಬಹಳ ಹೊತ್ತಿನ ಮೇಲೆ ಎತ್ತಿಕೊಂಡಳು. ಹಿಂದೆ ತಟ್ಟೆಗಳ ಸದ್ದು, ನೀರಿನ ಸದ್ದು. "ಏನಾಯ್ತು ಕಂದಾ? ಹುಷಾರಿಲ್ವಾ? ಬರ್ಲಾ?" ಮೂರು ತಿಂಗಳಿಂದ ಬರುತ್ತಿದ್ದ ಅದೇ ಮೆತ್ತನೆಯ ದನಿ.

"ಹುಷಾರಾಗಿದೀನಿ. ದೊಡ್ಡಮ್ಮ, ಇವತ್ತೇ ಇತ್ತು. ಮುಂದಕ್ಕೆ ಹೋಗಿದೆ ಅಂತ ಸುಳ್ಳು ಹೇಳ್ದೆ. ಆಗ್ಲಿಲ್ಲ. ಜೂನ್‌ನಲ್ಲಿ ನಾನು ಮೇಲೆ ಹತ್ತಲ್ಲ. ಹಲ್ಲಿನ ಕೆಲಸಕ್ಕೆ ನಾನು ಹೋಗ್ತಾನೇ ಇರ್ಲಿಲ್ಲ. ಬಸ್ಸಲ್ಲಿ ಓಡಾಡ್ತಿದ್ದೆ."

ಆ ಕಡೆ ನೀರಿನ ಸದ್ದು ನಿಂತಿತು.

"ಏನಂದೆ?"

ಇಲ್ಡಾ ಮತ್ತೊಮ್ಮೆ ಹೇಳಿದಳು, ಮೊದಲಿಂದ ಕೊನೆಯ ತನಕ.

"ಬಸ್ಸಲ್ಲಿ," ಎಂದಳು ಫ್ಲೋರಿಂದಾ. "ಬಸ್ಸಲ್ಲಿ! ನಾನು ಬೆಳಿಗ್ಗೆ ಕತ್ತಲಲ್ಲೆದ್ದು ನಿಂಗೆ ಬುತ್ತಿ ಕಟ್ಟೋದು, ಅದನ್ನ ನೀನು ಬಸ್ಸಲ್ಲಿ ಕೂತು ತಿನ್ನೋದು! ಮಹಾರಾಣಿ ಸವಾರಿ! ಬಾಯಿಬಿಟ್ಟು ಹೇಳಕ್ಕೆ ಏನಾಗಿತ್ತೇ ನಿಂಗೆ? ಗೋಡೆ ಜೊತೆ ಸಂಸಾರ ಮಾಡ್ತಿದೀನಾ ನಾನು? ಬ್ರಾಕ್ಟನ್ನಿನವರನ್ನೆಲ್ಲ ಕರೆದಿದೀನಿ ಜೂನ್‌ಗೆ, ಈಗ ಯಾವ ಮುಖ ಇಟ್ಕೊಂಡು ಬರ್ಬೇಡಿ ಅನ್ಲಿ?" ಯಾರೋ ಅಡಿಗೆಮನೆಯಲ್ಲಿ ಅವಳ ಹೆಸರು ಕೂಗಿದರು. "ಇರ್ರೀ, ಸೂಪು ಎಲ್ಲಿಗೂ ಓಡಿಹೋಗಲ್ಲ!" ಎಂದು ಅತ್ತ ಗದರಿ ಮತ್ತೆ ಇತ್ತ ಬಂದಳು. "ಕೇಳಿಸ್ಕೊತಿದ್ಯಾ? ಫೋನ್ ಇಟ್ಟುಗಿಟ್ಟೀಯ, ಕಾಲು ಮುರೀತೀನಿ. ಬೇಸಿಗೆಯೆಲ್ಲ ನೀನು ಮಾಡು, ಆ ಹಲ್ಲಿನ ಮುದುಕನ ಪಕ್ಕದಲ್ಲಿ ಸ್ಟೂಲು ಹಾಕ್ಕೊಂಡು ನಾನೇ ಬಂದು ಕೂರ್ತೀನಿ. ನೋಡ್ತೀನಿ ಅದು ಹೇಗೆ ಆಗಲ್ಲ ಅಂತ..."

ಚೆಂಡು ಉರುಳುತ್ತ ಬಂದು ಇಲ್ಡಾಳ ಬೂಟಿಗೆ ತಾಗಿತು. ಅವಳು ಅದರ ಮೇಲೆ ಕಾಲಿಟ್ಟು ನಿಲ್ಲಿಸಿದಳು.

"ಅಕ್ಕಾ, ಚೆಂಡು!" ಒಬ್ಬ ಹುಡುಗಿ ಕೂಗಿದಳು. ಸ್ವಲ್ಪ ಕಾದು, "ಏಯ್ ಅಕ್ಕಾ, ಕಿವುಡಾ?" ಎಂದಳು.

ಫೆಬ್ರವರಿಯಿಂದೀಚೆಗೆ ಯಾರೂ ಅವಳನ್ನು ಬೈದಿರಲಿಲ್ಲ. ಕಿವಿ ಬಿಸಿಯಾಗಿತ್ತು. ಇಲ್ಡಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಕಾಲನ್ನು ಚೆಂಡಿನ ಮೇಲಿಂದ ತೆಗೆಯದೆ ಕೇಳುತ್ತ ನಿಂತಳು.